ಶ್ರಾವಣದಲ್ಲಿ ನುಂಗದ ಮಾತ್ರೆ

ಡಾಕ್ಟ್ರಮ್ಮಾ, ನಾನು ನಿಮಗೆ ಸುಳ್ಳು ಹೇಳಿದೆ. ಅವತ್ತು ನಾನು ಬಿದ್ದದ್ದು ನಿಮ್ಮ ತಪ್ಪಿನಿಂದಲ್ಲ — ನನ್ನ ತಪ್ಪಿನಿಂದ. ಇಷ್ಟು ವರ್ಷ ಆ ಭಾರವನ್ನು ನಿಮ್ಮ ತಲೆಯ ಮೇಲೆ ಬಿಟ್ಟು ಸುಮ್ಮನೆ ಕೂತೆ.

ನೀವು ನ್ಯಾಮತಿಗೆ ಹೊಸದಾಗಿ ಬಂದಾಗ ನನಗೆ ಬಿಪಿ ಇದೆಯೆಂದು ಹೇಳಿದವರು ನೀವೇ. ಬೇರೆ ಡಾಕ್ಟರ ಹತ್ತಿರ ಹೋದರೆ ಕೂರುವ ಮೊದಲೇ ಔಷಧಿ ಚೀಟಿ ಕೈಗೆ ಬರುತ್ತಿತ್ತು. ನೀವು ಮಾತ್ರ ನನ್ನ ಕೈ ಹಿಡಿದುಕೊಂಡೇ, "ಇವತ್ತು ಏನು ಅಡಿಗೆ ಮಾಡೀರಿ ಅಮ್ಮಾ?" ಎಂದು ಕೇಳುತ್ತಿದ್ದಿರಿ. ನಮ್ಮ ಮನೆಯಲ್ಲಿ ಉಣ್ಣುವವರಿದ್ದರು, ಹಾಗೆ ಕೇಳುವವರಿರಲಿಲ್ಲ. ಒಮ್ಮೆ ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುವಂತೆ ಅಂದಿರಿ: "ಈ ಅಮ್ಮನ್ನ ನೋಡಿ ಕಲೀರಿ, ಒಂದು ದಿನಾನೂ ಮಾತ್ರೆ ತಪ್ಸಲ್ಲ." ಜೊತೆಗಿದ್ದ ಹೊನ್ನಾಳಿಯ ನಾದಿನಿ ನನ್ನನ್ನು ತಿವಿದು, "ಕ್ಲಾಸಿಗೇ ಫಸ್ಟ್ ಬಿಡವ್ವಾ ನೀನು" ಎಂದಳು. ನಕ್ಕೆ. ಆ ಹೊಗಳಿಕೆ ಕಳೆದುಕೊಳ್ಳಬಾರದು ಅನ್ನಿಸಿಬಿಟ್ಟಿತು — ಅಲ್ಲೇ ಕೆಟ್ಟೆ.

ಶ್ರಾವಣ ಬಂತು. ತಿಂಗಳು ಪೂರ್ತಿ ನನ್ನದು ಒಪ್ಪತ್ತು; ಸಂಜೆ ಪೂಜೆಯಾದ ಮೇಲೆ ಒಂದೇ ಊಟ. ಬೆಳಿಗ್ಗೆ ತಿಂಡಿಯಾದ ಮೇಲೆ ಮಾತ್ರೆ ಅಂದಿದ್ದಿರಿ ನೀವು. ತಿಂಡಿಯೇ ಇಲ್ಲ, ಇನ್ನು ಮಾತ್ರೆ ಎಲ್ಲಿಯದು — ಹಾಗೆ ನನಗೆ ನಾನೇ ಹೇಳಿಕೊಂಡೆ. ನಿಮ್ಮನ್ನು ಒಂದು ಮಾತು ಕೇಳಬಹುದಿತ್ತು... ಕೇಳಲಿಲ್ಲ. ತಿಂಗಳ ಕೊನೆಗೆ ತೋರಿಸಲು ಬಂದಾಗ ಬಿಪಿ ಏರಿತ್ತು.

"ಮಾತ್ರೆ ಬಿಟ್ಟಿಲ್ಲ ತಾನೆ ಅಮ್ಮಾ?"

"ದೇವರಾಣೆಗೂ ಇಲ್ರೀ ತಾಯಿ, ದಿನಾ ತಗೊಂತೀನಿ."

ಯಾವ ದೇವರಿಗೆಂದು ಹಸಿದಿದ್ದೆನೋ ಅವನ ಮೇಲೆಯೇ ಆಣೆ ಇಟ್ಟೆ. ನೀವು ನಂಬಿದಿರಿ. ಹೆಚ್ಚು ಪವರಿನ ಮಾತ್ರೆ ಬರೆದಿರಿ. ಶ್ರಾವಣ ಮುಗಿದು ಬೆಳಗಿನ ತಿಂಡಿ ಮತ್ತೆ ಶುರುವಾಗಿತ್ತು, ಆ ಮಾತ್ರೆಯನ್ನು ದಿನವೂ ನುಂಗಿದೆ. ಬಿಪಿ ತೀರಾ ಇಳಿದು, ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಕಣ್ಣು ಕತ್ತಲೆಗಟ್ಟಿ ಬಿದ್ದೆ. ಒಲೆ ಹಚ್ಚಿರಲಿಲ್ಲ, ಸೊಸೆ ಮನೆಯಲ್ಲೇ ಇದ್ದಳು, ಮುರಿದದ್ದು ಕೈ ಒಂದೇ — ಸುಳ್ಳಾಣೆ ಇಟ್ಟವಳನ್ನೂ ದೇವರು ಅಷ್ಟು ಕಾಪಾಡಿದ.

ನೀವು ಮನೆಗೇ ಬಂದಿರಿ. ಮಂಚದ ಅಂಚಿಗೆ ಕೂತು, ಪಟ್ಟಿ ಕಟ್ಟಿದ ನನ್ನ ಕೈಯನ್ನು ನಿಮ್ಮ ತೊಡೆಯ ಮೇಲಿಟ್ಟುಕೊಂಡು, "ನಂದೇ ತಪ್ಪು ಅಮ್ಮಾ. ಅವಸರ ಮಾಡಿ ಡೋಸ್ ಏರಿಸಿಬಿಟ್ಟೆ" ಅಂದಿರಿ. ನಿಮ್ಮ ಕಣ್ಣು ತುಂಬಿತ್ತು. ನಿಜ ನನ್ನ ಬಾಯಿವರೆಗೆ ಬಂದಿತ್ತು — ಅಷ್ಟರಲ್ಲಿ ಸೊಸೆ ಚಹಾ ತಂದಳು. "ಚಾ ಕುಡೀರಿ ತಾಯಿ" ಅಂದೆ. ಅಷ್ಟೇ ಅಂದೆ.

ಈಗಲೂ ಯಾರಿಗಾದರೂ ಡೋಸ್ ಏರಿಸುವಾಗ ನಿಮ್ಮ ಪೆನ್ನು ತಡೆದು ನಿಲ್ಲುತ್ತದೆ. ನೋಡುವವರಿಗೆ ಅದು ಜಾಗ್ರತೆ. ನನಗೆ ಗೊತ್ತು, ಅದು ನಾನು ಕೊಟ್ಟ ಅಂಜಿಕೆ. ನನಗೆ ಬೇಕಿದ್ದದ್ದು ನಿಮ್ಮ ಪ್ರೀತಿ. ನಿಜ ಹೇಳಿದ್ದರೂ ಅದು ಸಿಗುತ್ತಿತ್ತೇನೋ — ಕೊಡುವ ಅವಕಾಶವನ್ನೇ ನಿಮಗೆ ಕೊಡಲಿಲ್ಲ.

ಸೋಮವಾರ ಬರುತ್ತೇನೆ. ಬೆಂಚಿನ ಮೇಲೆ ಕೂತವರಿಗೂ ಕೇಳುವಂತೆ ಇದನ್ನೆಲ್ಲ ಹೇಳುತ್ತೇನೆ. ಹೊಗಳಿಸಿಕೊಂಡದ್ದೂ ಅವರ ಮುಂದೆಯೇ ಅಲ್ಲವೇ. ಆಮೇಲೆ ಯಾವತ್ತಿನಂತೆ ಕೈ ಚಾಚಿ ಕೂರುತ್ತೇನೆ. ಹಿಡಿಯುವುದು, ಬಿಡುವುದು ನಿಮಗೆ ಬಿಟ್ಟದ್ದು.