ಮೊದಲ ಸಾಲಿನ ಫೋನು

ದುದ್ದ ಊರಿನ ಮಂಜುಶ್ರೀ ನಮ್ಮ ರೇಷ್ಮೆಗೂಡಿನ ಮಾರುಕಟ್ಟೆಯ ಕೆಲಸ ಬಿಟ್ಟು ಇಂದಿಗೆ ಹನ್ನೊಂದು ದಿನ. ಬಿಟ್ಟು ಅಂದೆನೇ? ಸುಳ್ಳು. ನಾವು ಓಡಿಸಿದೆವು. ಓಡಿಸಿದವರ ಬಾಯಿಗೆ ಮಣ್ಣು ಹಾಕ ಎಂದು ಬೈಯೋಣವೆಂದರೆ ಮೊದಲ ಹಿಡಿ ನನ್ನ ಬಾಯಿಗೇ ಬೀಳಬೇಕು.

ನಾನು ಸಿದ್ದರಾಜು, ಶಿವಪುರದವನು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ರೈತರೇ ಸಂಘ ಮಾಡಿಕೊಂಡು ಕಟ್ಟಿದ ಮಾರುಕಟ್ಟೆ ನಮ್ಮದು. ಇಪ್ಪತ್ತಾರು ವರ್ಷದಿಂದ ಅಲ್ಲಿ ರೇಷ್ಮೆಗೂಡು ತೂಗುತ್ತಿದ್ದೇನೆ, ತೂಕ ಕೂಗುವ ಮೈಕೂ ನನ್ನ ಕೈಯಲ್ಲೇ. ಹಿಂದೆ ಹರಾಜು ಬಾಯಲ್ಲಿ ನಡೆಯುತ್ತಿತ್ತು, ಈಗ ಫೋನಿನಲ್ಲಿ. ರೈತ ತಂದು ಸುರಿದ ಗೂಡಿಗೆ ಒಂದು ಲಾಟ್ ನಂಬರು. ನೂಲು ತೆಗೆಯುವ ರೀಲರುಗಳು ಗೂಡು ಮುಟ್ಟಿ ನೋಡಿ, ಹನ್ನೊಂದರಿಂದ ಹನ್ನೆರಡರೊಳಗೆ ಮಾರುಕಟ್ಟೆಯ ವೈಫೈನಲ್ಲಿ ಬೆಲೆ ಒತ್ತಬೇಕು. ಗಂಟೆ ಹೊಡೆದಾಗ ಯಾವುದು ಮೇಲಿದೆಯೋ ಅದೇ ಬೆಲೆ.

ವ್ಯವಸ್ಥೆ ಚೆನ್ನಾಗಿಯೇ ಇತ್ತು. ಪುಕ್ಕಟೆ ವೈಫೈ ಕಂಡ ಜನ ಸುಮ್ಮನಿರಬೇಕಲ್ಲ! ರೈತರು, ಹಮಾಲಿಗಳು, ಎದುರಿನ ಟೀ ಅಂಗಡಿಗೆ ಬಂದವರು, ಎಲ್ಲರೂ ಅದರ ಮೇಲೇ ಬಿದ್ದರು. ಒಬ್ಬ ರಮ್ಮಿ ಆಡುತ್ತಾನೆ, ಇನ್ನೊಬ್ಬ ರೀಲ್ಸ್ ನೋಡಿ ಹಲ್ಲು ಕಿರಿಯುತ್ತಾನೆ, ಮಗದೊಬ್ಬ ಸಿನಿಮಾ ಇಳಿಸಿಕೊಳ್ಳುತ್ತಾನೆ. ರೀಲರು ಒತ್ತಿದ ಬೆಲೆ ಮಾತ್ರ ಫೋನಿನಲ್ಲೇ ಗಿರಗಿರ ಸುತ್ತುತ್ತಿತ್ತು. ದಿನಾ ಜಗಳ.

ಆಗ ಬಂದವಳು ಮಂಜುಶ್ರೀ, ಎರಡು ವರ್ಷದ ಹಿಂದೆ. ಅವಳ ಅಪ್ಪ ಹೊನ್ನಯ್ಯ ನನ್ನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಅವನು ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆಯ ಅನ್ನ ಇವಳ ಸಂಬಳದ್ದೇ. ಮಂಡ್ಯದಲ್ಲಿ ಡಿಪ್ಲೊಮಾ ಮುಗಿಸಿದ್ದಳು. ಎರಡು ಬಸ್ಸು ಬದಲಿಸಿ ಬಂದರೂ ಒಂಬತ್ತಕ್ಕೆ ಮೊದಲೇ ಕುರ್ಚಿಯಲ್ಲಿ ಇರುತ್ತಿದ್ದಳು. ಹುಡುಗಿ ಸಿಡುಕಿ, ಆದರೆ ಕೆಲಸದಲ್ಲಿ ಗಟ್ಟಿ. ಸಂಘದವರನ್ನು ಪೀಡಿಸಿ ಪೀಡಿಸಿ ಒಂದು ಕರಿ ಪೆಟ್ಟಿಗೆ ತರಿಸಿದಳು.

“ಇದು ಫೈರ್‌ವಾಲ್ ಮಾವ. ಇಂಟರ್‌ನೆಟ್ ಬಾಗ್ಲಲ್ಲಿ ಕೂತ್ಕಂಡು, ಬತ್ತಿರೋದು ಯಾವ್ ಆಪ್‌ದು ಅಂತ ನೋಡ್ತದೆ. ಬೆಲೆ ಆಪ್ ಆದ್ರೆ ದಾರಿ ಬುಡ್ತದೆ. ರಮ್ಮಿ, ವಿಡಿಯೋ ಬಂದ್ರೆ ಇಲ್ಲ.”

ಮಾರನೆಯ ದಿನದಿಂದಲೇ ಬೆಲೆಗಳು ಸರಸರ ಬಿದ್ದವು. ಹೊಗಳಿದರೇ? ಹೊಗಳುವ ಬಾಯಿ ಎಲ್ಲಿದೆ ನಮಗೆ! “ನಮ್ಮ ಕಡೆ ಎಣ್ಣಾಗಿ ನಮ್ಗೇ ಬಾಗ್ಲಾಕ್ತಾಳಲ್ಲ” ಎಂದು ಬೈದರು. ಹಮಾಲಿ ಮಹದೇವು ಯಾವುದೋ ಕಳ್ಳ ಆಪ್ ಹಾಕಿಕೊಂಡು, ಒಳಗೆ ನಡೆಯುವುದು ಪೆಟ್ಟಿಗೆಗೆ ಕಾಣದಂತೆ ಮಾಡಿದ. ಎರಡೇ ದಿನದಲ್ಲಿ ಅದನ್ನೂ ಹಿಡಿದು ನಿಲ್ಲಿಸಿದಳು. ಆಮೇಲೆ ಶುರುವಾಯಿತು ನೋಡಿ, ‘ನನ್ನದೊಂದು ಬುಡಮ್ಮ’ ಎನ್ನುವ ಸಾಲು. ಸಂಘದ ಕಾರ್ಯದರ್ಶಿ ಶಶಿಧರ್ ಅಧಿಕಾರ ತೋರಿಸಿ ತನ್ನ ಫೋನಿಗೆ ಎಲ್ಲವನ್ನೂ ಬಿಡಿಸಿಕೊಂಡ. ಅವನ ಹಿಂದೆ ಇಬ್ಬರು ಡೈರೆಕ್ಟರುಗಳು. ಮಂಜುಶ್ರೀ ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಕಾರಣ ಬರೆದು ಅವರವರ ಸಹಿ ಹಾಕಿಸಿಕೊಂಡಳು. ಮಿಕ್ಕ ಇಪ್ಪತ್ತು ಜನಕ್ಕೆ ಆಗಲ್ಲ ಅಂದಳು.

ಇಪ್ಪತ್ತೊಂದನೆಯವನು ನಾನು. ಕ್ರಿಕೆಟ್ ನೋಡಬೇಕಿತ್ತು ನನಗೆ, ಐವತ್ತೆಂಟು ವರ್ಷದ ಕತ್ತೆಗೆ!

“ನಿಮ್ಮಪ್ಪ ನಾನು ಒಂದೇ ತಟ್ಟೇಲಿ ಉಂಡೋರು ಕಣವ್ವ. ನನ್ದೊಂದ್ ಬುಡು.”

“ಬ್ಯಾಡಿ ಮಾವ. ಯಾರ್ಗೆ ಬುಡ್ಬೇಕು, ಯಾವ್ದ ತಡೀಬೇಕು ಅನ್ನೋ ಪಟ್ಟೀನ ಪೆಟ್ಗೆ ಮೇಲಿಂದ ಓದ್ಕಂಡ್ ಬತ್ತದೆ. ಮೊದ್ಲ ಸಾಲಲ್ಲಿ ನಿಮ್ಮ ಎಸ್ರು ಸಿಕ್ತು ಅಂದ್ರೆ ಅಲ್ಗೇ ಮುಗೀತು, ಕೆಳಗ್ ನಾನೇನೇ ತಡ್ದಿದ್ರೂ ನೋಡಕಿಲ್ಲ.”

ಮೂರು ದಿನ ಮುಖ ಊದಿಸಿಕೊಂಡು ಓಡಾಡಿದೆ. ಅವಳು ಕೊಟ್ಟ ಟೀ ಕುಡಿಯಲಿಲ್ಲ. ನಾಲ್ಕನೆಯ ದಿನ ಅವಳೇ ಕರೆದು ಸಹಿ ಹಾಕಿಸಿಕೊಂಡಳು. “ನಿಮ್ಮ ಫೋನೊಂದ್ಕೇ ಮಾವ. ಬೇರೆ ಯಾರ್ಗೂ ಕೊಡ್ಬೇಡಿ.”

ಕೊಡದೆ ಇರುವ ಜಾತಿಯೇ ನಮ್ಮದು? ಎರಡು ಕಡಲೆಕಾಯಿ ಕೊಂಡರೂ ಪಕ್ಕದವನ ಅಂಗೈಗೆ ಹಾಕದೆ ತಿನ್ನುವವರಲ್ಲ. ಒಬ್ಬನೇ ಮ್ಯಾಚ್ ನೋಡುತ್ತ ಕೂತರೆ ಹಮಾಲಿಗಳು ಏನಂದುಕೊಂಡಾರು? ಮಹದೇವು ನನ್ನ ಫೋನಿನಲ್ಲೇ ಹಾಟ್‌ಸ್ಪಾಟ್ ಹಾಕಿ, ನನಗೆ ಬರುವ ವೈಫೈ ಅವರ ಫೋನುಗಳಿಗೂ ಹರಿಯುವಂತೆ ಮಾಡಿದ. ಒಂಬತ್ತು ಫೋನು ನನ್ನ ಬೆನ್ನಿಗೆ ಬಿದ್ದವು. ಪೆಟ್ಟಿಗೆಯ ಕಣ್ಣಿಗೆ ಅವೆಲ್ಲ ಸೇರಿ ಒಂದೇ ಫೋನು, ನನ್ನದು.

ಆ ದಿನ ಮ್ಯಾಚ್ ಬೆಳಗ್ಗೆಯೇ ಇತ್ತು. ಮಳವಳ್ಳಿ ಕಡೆಯ ಮಂಗಳಮ್ಮ ತಂದಿದ್ದ ಗೂಡು ಲಾಟ್ ನಲವತ್ತೊಂದು. ಅಂಥ ಗೂಡು ಆ ವಾರದಲ್ಲೇ ಬಂದಿರಲಿಲ್ಲ. ರೀಲರ್ ಮಜೀದ್ ಒಂದನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ, ಇದನ್ನು ಯಾರಿಗೂ ಬಿಡಲ್ಲ ಅಂದಿದ್ದ. ಹನ್ನೆರಡಕ್ಕೆ ಐದು ನಿಮಿಷವಿದೆ ಎನ್ನುವಾಗ ಓಡಿಬಂದ.

“ಸಿದ್ದರಾಜಣ್ಣ, ಒತ್ತುದ್ರೆ ಓಯ್ತಾನೇ ಇಲ್ಲ ಕಣಣ್ಣ! ಬರೀ ಸುತ್ತುತಾ ಅದೆ!”

ತಕ್ಕಡಿಯ ಹಿಂದೆ ಒಂಬತ್ತು ಜನ ಸಿಕ್ಸರ್ ಎಂದು ಕೂಗಿದರು. ನಾನೂ ಕೂಗಿದೆ. ಗಂಟೆ ಹೊಡೆಯಿತು. ಯಾವನೋ ಹನ್ನೊಂದು ಗಂಟೆಗೆ ಒತ್ತಿದ ಅಗ್ಗದ ಬೆಲೆಯೇ ಮಂಗಳಮ್ಮನ ಗೂಡಿಗೆ ನಿಂತಿತು. ಒಲ್ಲೆ ಎಂದು ವಾಪಸ್ ಒಯ್ಯುವಂತೆಯೂ ಇರಲಿಲ್ಲ. ನಾಳೆ ಕಳೆದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡುತ್ತದೆ. ಅವಳು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಳಿತಳು.

ಗಲಾಟೆ ಎದ್ದಿತು. ಶಶಿಧರ್, “ಎಲ್ಲ ಆ ಹುಡುಗಿ ತರಿಸಿದ ಪೆಟ್ಟಿಗೆಯಿಂದಲೇ ಆಗಿದ್ದು” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಮಂಜುಶ್ರೀ ಪರದೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ತಕ್ಕಡಿ ನೋಡಿದೆ. ಅವಳು ನೋಟ್‌ಬುಕ್ ಬಿಚ್ಚಲು ಹೋದರೆ ಶಶಿಧರ್ ಬಿಡಲಿಲ್ಲ. ಬಿಡುತ್ತಾನೆಯೇ, ಅವನ ಸಹಿಯೂ ಅದರಲ್ಲಿದೆ! ನಾಳೆಯಿಂದ ಬರಬೇಡ ಅಂದುಬಿಟ್ಟ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಹೋಗಿ ಅವಳ ಪಕ್ಕ ನಿಂತೆ. ಅಳುತ್ತಿರಲಿಲ್ಲ, ಉರಿಯುತ್ತಿದ್ದಳು.

“ಇಪ್ಪತ್ ಜನಕ್ಕೆ ಆಗಕಿಲ್ಲ ಅಂದೆ. ನೀವೊಬ್ರೇ ನಮ್ಮೋರು ಅಂತ ಬುಟ್ಟೆ. ಅಲ್ಲಿ ಒಂದ್ ಮಾತಾಡ್ನಿಲ್ವಲ್ಲ ಮಾವ ನೀವು, ಥೂ!”

ನೋಟ್‌ಬುಕ್ಕನ್ನು ನನ್ನ ಎದೆಗೆ ಒತ್ತಿ ಬಸ್ಸು ಹತ್ತಿದಳು. ಮನೆಯಲ್ಲಿ ಬಿಚ್ಚಿ ನೋಡಿದೆ. ನನ್ನ ಹೆಸರಿನ ಮುಂದೆ ಕಾರಣ ಎಂಬ ಜಾಗದಲ್ಲಿ ‘ಅಪ್ಪನ ಸ್ನೇಹಿತರು’ ಎಂದು ಬರೆದಿದ್ದಳು.

ಹತ್ತು ದಿನ ಬಾಯಿ ಮುಚ್ಚಿಕೊಂಡು ಗೂಡು ತೂಗಿದೆ. ಪೆಟ್ಟಿಗೆಯನ್ನು ಗೋಡೌನಿಗೆ ಎಸೆದರು. ಮತ್ತೆ ರಮ್ಮಿ, ಮತ್ತೆ ರೀಲ್ಸ್, ಮತ್ತೆ ಸುತ್ತುವ ಬೆಲೆ. ಯಾರಿಗೂ ನಾಚಿಕೆಯಿಲ್ಲ. ಇವತ್ತು ಹನ್ನೊಂದಕ್ಕೆ ತೂಕ ಕೂಗುವ ಬದಲು ನೋಟ್‌ಬುಕ್ ಬಿಚ್ಚಿ, ನನ್ನ ಹೆಸರನ್ನೇ ಮೊದಲಿಟ್ಟು ಮೈಕಿನಲ್ಲಿ ಓದಿದೆ.

“ವೈಫೈನಲ್ಲಿ ಎಲ್ಲವನ್ನೂ ಬಿಡಿಸಿಕೊಂಡವರು. ಒಂದು, ತೂಕದ ಸಿದ್ದರಾಜು. ಕಾರಣ, ‘ಅಪ್ಪನ ಸ್ನೇಹಿತರು’. ಮಂಗಳಮ್ಮನ ಗೂಡು ಹಾಳು ಮಾಡಿದವನು ಇವನೇ. ಎರಡು, ಕಾರ್ಯದರ್ಶಿ ಶಶಿಧರ್...”

ಶಶಿಧರ್ ಬಂದು ಮೈಕಿನ ವಯರು ಕಿತ್ತ. ಇಪ್ಪತ್ತಾರು ವರ್ಷ ಕೂಗಿದ ಗಂಟಲಿಗೆ ಕರೆಂಟು ಯಾಕೆ? ಉಳಿದ ಹೆಸರುಗಳನ್ನು ಹಾಗೆಯೇ ಓದಿ ಮುಗಿಸಿದೆ.

ಅಂದು ಬಿಟ್ಟುಹೋಗಿದ್ದ ಬುಟ್ಟಿಗಳನ್ನು ಒಯ್ಯಲು ಮಂಗಳಮ್ಮ ಬಂದಿದ್ದಳು. ಬುಟ್ಟಿ ಕೆಳಗಿಟ್ಟು ನನ್ನ ಮುಂದೆ ನಿಂತಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ವಾಸಿಯಿತ್ತು.

“ನನ್ ಗೂಡ್ ಓದ್ರೆ ಓಯ್ತು ಬುಡು, ಎರಡ್ ತಿಂಗ್ಳಿಗೆ ಇನ್ನೊಂದ್ ಬೆಳೆ ಬತ್ತದೆ. ಆ ಎಣ್‌ಮಗ ಇನ್ನ ಯಾರ್ನ ನಮ್ಮೋರು ಅಂತ ನಂಬ್ತಾಳ್ಲಾ ಸಿದ್ದರಾಜು?”