ಅಂಕಿತಾಳ ಕೈಗೆ ಸಿಕ್ಕ ಕತ್ತರಿ

ನಮ್ಮ ಅಂಕಿತಾಳಿಗೆ ಬೆಟಗೇರಿಯಲ್ಲಿ ನೌಕರಿ ಸಿಕ್ಕಿತು. ಹುಚ್ಚೀರಪ್ಪನವರ ಸೀರೆ ಮಗ್ಗದ ಮನೆಯಲ್ಲಿ ಕೈಯಾಳು. ಹದಿನೇಳರ ಮೊಮ್ಮಗಳು ಅದನ್ನು ಓಣಿಗೆಲ್ಲ ಸಾರಿಕೊಂಡು ಬಂದ ಠೀವಿ ನೋಡಿದರೆ, ಗದಗ ಜಿಲ್ಲೆಯೇ ಇವಳ ದಾರಿ ಕಾಯುತ್ತಿತ್ತೇನೋ ಅನ್ನಬೇಕು. ಅವಳಪ್ಪ ಮಾತ್ರ ಒಂದೇ ಮಾತು ಹೇಳಿದ್ದ: "ಅಲ್ಲಿಂದ ಬಿಡಿಸಿದ್ರ ಸೀದಾ ಸೊರಟೂರಿಗೆ, ನಿಮ್ಮತ್ತಿ ಮನಿಗೆ. ಎಮ್ಮಿ ಕಾಯ್ಕೋತ ಇರು."

ಮನೆಯಲ್ಲಿ ಹಾಸಿಗೆ ಮಡಚದವಳಿಗೆ ಕೆಲಸದ ಮೊದಲ ದಿನವೇ ಸ್ವಚ್ಛತೆ ಮೈಮೇಲೆ ಬಂತು. ಹುಚ್ಚೀರಪ್ಪ ಊಟಕ್ಕೆ ಎದ್ದಿದ್ದರು. ನೇಯ್ದ ಸೀರೆಯನ್ನು ಕೊಯ್ದು ತೆಗೆದ ಮೇಲೆ ಮಗ್ಗದಲ್ಲಿ ಹಳೆಯ ಹಾಸಿನ, ಅಂದರೆ ಉದ್ದೆಳೆಗಳ, ತುದಿಗಳು ಜೋತಾಡುತ್ತಿದ್ದವು. ಆ ತುದಿಗಳಿಗೆ ಬೂದಿ ಹಚ್ಚಿದ ಬೆರಳಿನಿಂದ ಹೊಸ ಎಳೆಗಳನ್ನು ಹೊಸೆದು ಕೂಡಿಸಬೇಕು. ಎಳೆದರೆ ಹೊಸ ಹಾಸು ತಾನೇ ಬಾಚಣಿಕೆಯಂಥ ಹಣಿಗೆಯೊಳಗೆ ನುಸುಳುತ್ತದೆ. ಬೆಟಗೇರಿಯ ತೊಟ್ಟಿಲ ಕೂಸಿಗೂ ಗೊತ್ತಿರುವ ಸಂಗತಿ. ನಮ್ಮ ವಿದ್ಯಾವಂತೆ ಆ ತುದಿಗಳನ್ನು ಕಸವೆಂದು ಕತ್ತರಿಸಿ, ಕಿತ್ತೆಳೆದು, ಹಣಿಗೆ ಒರೆಸಿ ಥಳಥಳ ಮಾಡಿಟ್ಟಳು.

ಹುಚ್ಚೀರಪ್ಪ ಬಂದು ನೋಡಿದರು.

"ಯಾರವಾ, ಈ ಪುಣ್ಯಾ ಕಟ್ಕೊಂಡಾಕಿ?"

"ನಾನರಿ. ಭಾಳ ಕಸ ಆಗಿತ್ರಿ."

"ಖರೆ. ಮಗ್ಗಾನೂ ಹಳೇದಾಗೇತಿ. ಅದನ್ನೂ ತಿಪ್ಪಿಗೆ ಒಗದು ಬಿಡ್ಬೇಕಿತ್ತು."

ಸಂಜೆ ಬಂದವಳು ನನ್ನ ಮಗ್ಗುಲಿಗೆ ಕುಳಿತು ಮೂಗು ಒರೆಸಿಕೊಂಡಳು. "ಅಜ್ಜಿ, ನಾಳೆ ನಾ ಹೋಗಂಗಿಲ್ಲ. ಎಲ್ಲಾರ ಮುಂದ ಬೈತಾರ."

"ಹೋಗಬ್ಯಾಡ ಬಿಡು. ಸೊರಟೂರ ಎಮ್ಮಿ ಬೈಯೂದಿಲ್ಲ. ಒದೀತಾವಷ್ಟ."

ಬೆಳಗಾಗುವುದರೊಳಗೆ ಜಡೆ ಹಾಕಿಕೊಂಡು ಹೊರಟು ನಿಂತಿದ್ದಳು.

ಹುಚ್ಚೀರಪ್ಪ ಕೆಲಸ ಬಿಡಿಸಲಿಲ್ಲ. "ಕಳಿಸ್ತೀನಂತ ತಿಳದಿದ್ದೇನು? ಈ ಎಳಿ ಎಲ್ಲಾ ಯಾರು ಪೋಣಿಸ್ಬೇಕು, ನಿಮ್ಮಜ್ಜಿ?" ಎಂದು ಮಗ್ಗದ ಮುಂದೆ ಕೂಡಿಸಿದರು. ಕತ್ತರಿ ಅವರ ಕಿಸೆ ಸೇರಿತು. ಒಂದೊಂದೇ ಎಳೆಯನ್ನು ಹಣಿಗೆಯ ಸಂದಿಗೆ ಪೋಣಿಸುತ್ತ, ತಪ್ಪಿದರೆ ಬಿಚ್ಚಿ ಮತ್ತೆ ಪೋಣಿಸುತ್ತ ಅವಳ ಕುತ್ತಿಗೆ ಸೆಟೆದುಕೊಂಡಿತು. ಸದಾ ಕೈಗೆ ಅಂಟಿರುತ್ತಿದ್ದ ಮೊಬೈಲು ಚೀಲದಲ್ಲಿ ನಿದ್ದೆ ಹೊಡೆಯಿತು. ಪಾಪ, ಅದಕ್ಕೂ ಮೊದಲ ಸಲ ರಜೆ.

ಆ ಎಳೆಗಳಿಂದ ನೇಯ್ದ ಸೀರೆ ಮುಗಿದ ದಿನ ನಾನೇ ಬುತ್ತಿ ಕೊಡಲು ಹೋಗಿದ್ದೆ. ಹುಚ್ಚೀರಪ್ಪ ಕಿಸೆಯಿಂದ ಕತ್ತರಿ ತೆಗೆದು ಅವಳ ಕೈಗಿಟ್ಟರು.

"ಎಲ್ಲಿ ಕೊಯ್ತಿ?"

ಅಂಕಿತಾ ಸೀರೆಯ ನೇಯ್ಗೆ ಮುಗಿದಲ್ಲಿ ಬೆರಳಿಟ್ಟಳು. "ಇಲ್ಲೆರಿ. ಆಚಿಗಿನ ತುದಿ ಮುಟ್ಟಂಗಿಲ್ಲರಿ."

"ಕೊಯ್ಯಿ. ನಾಳೆ ಜಲ್ದಿ ಬಾ, ಎಳಿ ಕೂಡಿಸೂದೈತಿ."

ಅಂದಿನಿಂದ ಮನೆಯಲ್ಲಿ ನಾನು ಹರಿದ ರವಿಕೆಯ ದಾರ ಕತ್ತರಿಸಿದರೂ, "ಅಜ್ಜೀ, ತಡಿ, ನೋಡಿ ಕತ್ತರಸು" ಎಂದು ಉಪದೇಶ ಮಾಡುತ್ತಾಳೆ. ಹಾಸಿಗೆ ಮಾತ್ರ ಇವತ್ತಿಗೂ ನಾನೇ ಮಡಚಬೇಕು. ಅದು ನೌಕರಿಯಲ್ಲವಲ್ಲ.