ಚಕ್ರಕ್ಕೊಂದು ಹಗ್ಗ

ಮನೆಯಲ್ಲಿ ಒಂಟಿ ಚಕ್ರ ಇಟ್ಟುಕೊಂಡವನ ಕಷ್ಟ ನಿಮಗೆ ಗೊತ್ತಿರಲಾರದು. ಬಂದವರೆಲ್ಲ ಚಪ್ಪಲಿ ಬಿಡುವ ಮೊದಲೇ "ಮಿಕ್ಕಿದ್ದೆಲ್ಲಿ?" ಎಂದು ಕೇಳುತ್ತಾರೆ. ಒಂಟಿ ಓಲೆಯನ್ನೋ ಒಂಟಿ ಕಾಲುಚೀಲವನ್ನೋ ಕಂಡರೆ ಜನ ಸುಮ್ಮನಿರುತ್ತಾರೆ. ಚಕ್ರ ಕಂಡರೆ ಮಾತ್ರ ಅದರ ಹಿಂದೆ ಒಂದು ಅಪಘಾತವನ್ನು ಊಹಿಸಿಕೊಂಡು ನನ್ನ ಕೈಕಾಲುಗಳ ಕಡೆ ಕಣ್ಣು ಹಾಯಿಸುತ್ತಾರೆ. ಒಮ್ಮೆ ನಾನು, ಸೂರ್ಯನ ರಥಕ್ಕೂ ಒಂದೇ ಚಕ್ರ, ವಿಷ್ಣುವಿನ ಬೆರಳಲ್ಲಿರುವುದೂ ಒಂದೇ, ಅವರನ್ನು ಯಾರೂ ಹೀಗೆ ಕೇಳಿದ್ದಿಲ್ಲ ಎಂದು ಪುರಾಣ ತೆಗೆದೆ.

"ಅವರ ಮನೆ ಕಸ ಗುಡಿಸೋಳು ನಾನಲ್ಲವಲ್ಲ," ಎಂದಳು ನನ್ನ ಹೆಂಡತಿ ಗಿರಿಜ. ಪುರಾಣ ಅಲ್ಲಿಗೆ ಮುಗಿಯಿತು.

ಅದು ನನ್ನ ಹಳೆಯ ಮೋಟಾರ್ ಸೈಕಲ್ಲಿನ ಮುಂದಿನ ಚಕ್ರ. ನಡುಮಧ್ಯದಲ್ಲಿ ಸಣ್ಣ ತಪ್ಪಲೆಯಂಥ ಡ್ರಮ್ಮು, ಅದರೊಳಗೆ ಬ್ರೇಕು. ಕಾಲ ಬದಲಾಯಿತು, ನೀನೂ ಬದಲಾಗು ಎಂದು ನಾಲ್ಕು ಜನ ಹೇಳಿದ್ದಕ್ಕೆ ಡಿಸ್ಕ್ ಬ್ರೇಕಿನ ಚಕ್ರ ಹಾಕಿಸಿದೆ. ಹಳೆಯದು ಗೋಣಿಚೀಲದಲ್ಲಿ ಮನೆಗೆ ಬಂತು. ಬೆನ್ನು ನೋವು ಶುರುವಾದ ಮೇಲೆ ಗಾಡಿಯನ್ನೇ ಮಾರಿದೆ. ಕೊಂಡವನು ಗೋಣಿಚೀಲ ಕೇಳಲಿಲ್ಲ, ನಾನೂ ನೆನಪಿಸಲಿಲ್ಲ. ಹೀಗೆ ಗಾಡಿ ಹೋಗಿ ಚಕ್ರ ಉಳಿಯಿತು. ಸುಮ್ಮನೆ ಉಳಿದಿದ್ದರೆ ಪರವಾಗಿರಲಿಲ್ಲ. ಪ್ರತಿ ಆಯುಧಪೂಜೆಗೂ ಅದಕ್ಕೆ ವಿಭೂತಿ ಬಳಿದು ಚೆಂಡುಹೂವು ಮುಡಿಸಿ ಎದುರಿಗೆ ಬೂದುಗುಂಬಳ ಒಡೆದವನು ನಾನೇ. ಎಲ್ಲಿಗೂ ಹೋಗದ ಚಕ್ರ ಕ್ಷೇಮವಾಗಿ ಓಡಾಡಲೆಂದು ಕೈಮುಗಿದವನು ಚಾಮರಾಜನಗರದಲ್ಲಿ ನಾನೊಬ್ಬನೇ ಇರಬೇಕು.

ಕೊನೆಗೆ ಗಿರಿಜಳ ಒತ್ತಾಯಕ್ಕೆ ಅದರ ಫೋಟೋ ತೆಗೆದು, ಹಳೇ ಗಾಡಿ ಹುಚ್ಚಿನವರ ಗುಂಪಿಗೆ ಫೋನಿನಲ್ಲಿ ಕಳಿಸಿದೆ. ಕಾಡಂಚಿನ ರೆಸಾರ್ಟೊಂದರ ಮ್ಯಾನೇಜರು ಮೊದಲು ಮಾತಾಡಿದರು. ಊಟದ ಕೋಣೆಯ ಗೋಡೆಗೆ ನೇತುಹಾಕಿ ಸುತ್ತ ಬಲ್ಬು ಬಿಡುತ್ತಾರಂತೆ, ಕೇಳಿದಷ್ಟು ಕೊಡುತ್ತಾರಂತೆ. ಎರಡನೆಯ ಫೋನು ಗುಂಡ್ಲುಪೇಟೆಯ ಮೆಕ್ಯಾನಿಕ್ ನಯಾಜನದು.

"ಸಾರ್, ಆ ಚಕ್ರ ಯಾರ್ಗೂ ಕೊಟ್ಬುಡಬೇಡಿ. ನಮ್ ಅಬ್ಬಾಗೆ ಬೇಕು."

"ನಿಮ್ಮ ಅಬ್ಬಾ ಅದನ್ನಿಟ್ಕೊಂಡು ಏನ್ ಮಾಡ್ತಾರಪ್ಪ?"

"ಆಚೆಗೆ ಬರ್ತಾರೆ ಸಾರ್."

ವಿಷಯ ಇಷ್ಟು. ಅವನ ಅಬ್ಬಾ ಕೂಡ ಮೆಕ್ಯಾನಿಕ್ಕೇ. ತಮ್ಮ ಗಾಡಿಯ ಮುಂದಿನ ಡ್ರಮ್ಮು ಬಿರುಕು ಬಿಟ್ಟ ದಿನದಿಂದ ಅವರು ಮನೆಯ ಹೊಸ್ತಿಲು ದಾಟಿಲ್ಲ. ಮಗನ ಹೊಸ ಗಾಡಿಯ ಹಿಂದೆ ಮೂಟೆಯಂತೆ ಕೂರಲಾರರು. ಆಟೋ ಎಂದರೆ ಅವಮಾನ. ನಯಾಜ ಡಿಸ್ಕಿನ ಚಕ್ರ ಹಾಕಿ ತೋರಿಸಿದಾಗ ಅದನ್ನು ಒಂದು ಸುತ್ತು ನೋಡಿ, ಒಳಗೆ ಹೋಗಿ ಮಲಗಿಬಿಟ್ಟರಂತೆ. ಗೆಳೆಯರು ಚಾದಂಗಡಿಯಲ್ಲಿ ಕಾದು ಕಾದು ಈಗ ಕಾಯುವುದನ್ನೇ ಬಿಟ್ಟಿದ್ದಾರಂತೆ.

ಗೋಡೆಗಿಂತ ರಸ್ತೆಯೇ ಮೇಲು ಎಂದು ನನ್ನ ಮನಸ್ಸು ಆಗಲೇ ತೀರ್ಮಾನಿಸಿತ್ತು. ಆದರೆ ನನಗೆ ವ್ಯಾಪಾರ ಬರುವುದಿಲ್ಲ. ಸೊಪ್ಪಿನವಳು ಹೇಳಿದ ಬೆಲೆಗೆ ನಾನೇ ಸ್ವಲ್ಪ ಸೇರಿಸಿ ಕೊಟ್ಟು ಬರುವ ಜಾತಿಯವನು. ಅದಕ್ಕೇ ಕುದೇರಿನಿಂದ ನನ್ನ ಸೋದರಮಾವ ಬಸವಣ್ಣಪ್ಪನವರನ್ನು ಕರೆಸಿದೆ. ಆಯುಷ್ಯವೆಲ್ಲ ತೆರಕಣಾಂಬಿ ಸಂತೆಯಲ್ಲಿ ದನದ ದಳ್ಳಾಳಿಯಾಗಿ ಕಳೆದವರು. ನಾನು ಕನ್ನಡ ಮಾತಾಡಲು ಕಲಿತದ್ದು ಅವರ ಹೆಗಲ ಮೇಲೆ ಕೂತು. ಕಲಿಯದೆ ಉಳಿದದ್ದು ವ್ಯಾಪಾರವೊಂದೇ.

ಮಾವ ಚಕ್ರವನ್ನು ಎತ್ತಿನಂತೆಯೇ ಪರೀಕ್ಷಿಸಿದರು. ಕಡ್ಡಿಗಳನ್ನು ಒಂದೊಂದಾಗಿ ಮೀಟಿ, "ಪಕ್ಕೆಲುಬೆಲ್ಲ ನೆಟ್ಟಗವೆ," ಎಂದರು. ಟೈರು ಸವರಿ, "ಗೊರಸು ಸವ್ದದ," ಎಂದರು. ಆಮೇಲೆ ದನಿ ತಗ್ಗಿಸಿ, "ಲೋ, ಇದ್ರ ಜೊತೇದು ಎಲ್ಲದ್ಲಾ? ಒಂಟಿ ಎತ್ತ ಮಾರುದ್ರ ಬೆಲೆ ಬರಕಿಲ್ಲ ಕಣ್ಲಾ."

ನಯಾಜ ಬಂದವನು ನಮಸ್ಕಾರ ಹೇಳುವಷ್ಟರಲ್ಲಿ ಮಾವ ಹೆಗಲ ಟವೆಲ್ಲನ್ನು ಅವನ ಕೈಮೇಲೆ ಹಾಕಿ ಅದರಡಿ ಬೆರಳು ಹಿಡಿದರು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಎಷ್ಟು ಬೆರಳು ಹಿಡಿದರೆ ಅಷ್ಟು, ಪಕ್ಕದಲ್ಲಿ ನಿಂತವನಿಗೆ ಗೊತ್ತಾಗಬಾರದು. ಪಾಪ, ನಯಾಜ ಹಿರಿಯರು ಪ್ರೀತಿಯಿಂದ ಕೈಹಿಡಿದರೆಂದುಕೊಂಡು ತಾನೂ ಇಡೀ ಹಸ್ತವನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಅಲಲಲ! ಚೌಕಾಸಿನೇ ಮಾಡ್ದೆ ಇಡೀ ಕೈ ಕೊಟ್ಬುಟ್ಟ ಕಣ್ಲಾ! ದೊಡ್ಡ ಮನ್ಸು," ಎಂದರು ಮಾವ.

"ಏನ್ ಕೊಟ್ಟೆ ಸಾರ್ ನಾನು?" ಎಂದು ನಯಾಜ ನನ್ನ ಮುಖ ನೋಡಿದ. ಬೆರಳುಗಳನ್ನು ಬಿಡಿಸಿ, ಅರ್ಥ ವಿವರಿಸಿ, ಅದರ ಅರ್ಧಕ್ಕೆ ನಾನೇ ಮುಗಿಸಿದೆ. ಮಾವ ನನ್ನನ್ನು ನೋಡಿದ ನೋಟದಲ್ಲಿ ಕುದೇರಿನ ಮಾನವೆಲ್ಲ ಮಣ್ಣುಪಾಲಾಗಿತ್ತು.

ಇನ್ನೇನು ಚೀಲಕ್ಕೆ ತುಂಬಬೇಕು, ಮಾವ ಚಕ್ರದ ನಡುವಿನಿಂದ ಆಕ್ಸಲ್ ರಾಡನ್ನು ಎಳೆದು ಪಂಚೆಯ ಮಡಿಲಿಗೆ ಸೇರಿಸಿದರು. "ಈಗ ತಕ್ಕೊಂಡೋಗು."

"ಅಯ್ಯೋ ಯಜಮಾನ್ರೇ, ರಾಡು!"

"ರಾಡು ಕೊಡಕಿಲ್ಲ. ಎತ್ತ ಮಾರ್ದೋರು ಹಗ್ಗ ಕೊಟ್ಟದ್ದ ಎಲ್ಲಾರ ಕಂಡಿದ್ದೀಯಾ ಮಗ?"

ನಮ್ಮ ಕಡೆ ಪದ್ಧತಿ ಹಾಗೆ. ದನ ಕೊಂಡವನು ತನ್ನ ಹಗ್ಗ ತಾನು ತರಬೇಕು. ಮಾರಿದವನ ಹಗ್ಗ ಹೋದರೆ ಅದರ ಹಿಂದೆಯೇ ಕೊಟ್ಟಿಗೆಯ ಲಕ್ಷ್ಮಿಯೂ ನಡೆದುಬಿಡುತ್ತಾಳೆ. ಇದು ಚಕ್ರ, ಎತ್ತಲ್ಲ ಎಂದೆ ನಾನು.

"ಪೂಜೆ ಮಾಡಿಲ್ವಾ ನೀನು ಇದ್ಕ? ಮಾಡಿದ್ದೀಯ. ಹಗ್ಗ ಅಂದ್ರ ಏನ್ಲಾ? ಕಟ್ಟಾಕದು. ಚಕ್ರವ ಗಾಡಿಗ ಕಟ್ಟಾಕಿದ್ದು ಯಾವ್ದು? ಈ ಕಂಬಿ. ಅಷ್ಟೇ ಕಣ."

ತರ್ಕದಲ್ಲಿ ಒಂದು ಕೂದಲೂ ಕೊಂಕಿರಲಿಲ್ಲ. ಬೂದುಗುಂಬಳ ಒಡೆದವನು ನಾನೇ ತಾನೇ.

"ರಾಡಿಲ್ದೆ ಚಕ್ರ ಕೂರಲ್ಲ ಯಜಮಾನ್ರೇ. ಅಬ್ಬಾ ಗಾಡಿದು ಡ್ರಮ್ಮು ಬಿರುಕು ಬಿಟ್ಟಾಗ್ಲೇ ಬಗ್ಗೋಯ್ತು. ಈ ಅಳತೆದು ಹುಡುಕಿ ಹುಡುಕಿ ಸಾಕಾಗಿದೆ. ಅಬ್ಬಾಗೆ ಸಾಯಂಕಾಲ ತರ್ತೀನಿ ಅಂತ ಹೇಳ್ಬಂದಿದ್ದೀನಿ," ಎಂದ ನಯಾಜ. "ಬೆಳಿಗ್ಗೆನೇ ಎದ್ದು ಗಡ್ಡ ಟ್ರಿಮ್ ಮಾಡ್ಕೊಂಡು ಕೂತವ್ರೆ."

ಮಾವನ ಮುಖ ಸಡಿಲವಾದರೂ ಮಡಿಲು ಸಡಿಲವಾಗಲಿಲ್ಲ. ಇಷ್ಟು ಕಾಲ ಪಾಲಿಸಿದ್ದನ್ನು ಒಂದು ಗಡ್ಡಕ್ಕಾಗಿ ಮುರಿಯುವುದು ಹೇಗೆ? ನನ್ನ ಕಣ್ಣಿಗೆ ರೆಸಾರ್ಟಿನ ಗೋಡೆಯೂ ಬಲ್ಬುಗಳೂ ಕಾಣತೊಡಗಿದವು. ಗೋಡೆಗಾದರೆ ಆಕ್ಸಲ್ ಬೇಡ, ಒಂದು ಮೊಳೆ ಸಾಕು.

ಅಷ್ಟರಲ್ಲಿ ಗಿರಿಜ ಕಾಫಿ ತಟ್ಟೆ ಕೆಳಗಿಟ್ಟು ಚಕ್ರದ ಮುಂದೆ ಕೂತಳು. ಟ್ಯೂಬಿಗೆ ಗಾಳಿ ಹೊಡೆಯುವ ಬಾಯಿಯ ಪುಟ್ಟ ಕರಿ ಮುಚ್ಚಳವನ್ನು ತಿರುಗಿಸಿ ಬಿಚ್ಚಿ ಮಾವನ ಅಂಗೈಯಲ್ಲಿಟ್ಟಳು.

"ಮಾವ, ಕಂಬಿ ಚಕ್ರವ ಗಾಡಿಗೆ ಕಟ್ತು, ಸರಿ. ಆದ್ರೆ ಉಸಿರನ್ನ ಚಕ್ರಕ್ಕೆ ಕಟ್ಟಿದ್ದು ಇದು. ಯಾವುದು ದೊಡ್ಡ ಹಗ್ಗ? ನೀವೇ ಯೋಳಿ."

ಮಾವ ಮುಚ್ಚಳವನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಅದನ್ನು ಮಡಿಲಿಗಿಟ್ಟು ರಾಡನ್ನು ನಯಾಜನ ಕೈಗೆ ಕೊಟ್ಟರು. "ಇವಳು ಗಂಡಾಗಿದ್ರ ಸಂತೇಲಿ ನಾನು ಉಪಾಸ ಬೀಳ್ತಿದ್ದಿ," ಎಂದು ಗೊಣಗಿ ಕಾಫಿ ಎತ್ತಿಕೊಂಡರು.

ಕೆಲವು ವಾರ ಕಳೆದ ಮೇಲೆ, ಒಂದು ಬೆಳಿಗ್ಗೆ, ನಮ್ಮ ಬೀದಿಯಲ್ಲಿ ದಡದಡ ಸದ್ದಾಯಿತು. ಗೇಟಿನ ಬಳಿ ಬಂದು ನೋಡುತ್ತೇನೆ, ಬೆಳ್ಳಗೆ ಜುಬ್ಬಾ ತೊಟ್ಟ ಹಿರಿಯರೊಬ್ಬರು ಗಾಡಿ ಓಡಿಸುತ್ತ ಬರುತ್ತಿದ್ದಾರೆ, ಹಿಂದೆ ನಯಾಜ ಮೂಟೆಯಂತೆ ಕೂತಿದ್ದಾನೆ. ಗಾಡಿ ನಮ್ಮ ಗೇಟನ್ನು ದಾಟಿ, ಪಕ್ಕದ ಮನೆಯನ್ನೂ ದಾಟಿ, ಅದರಾಚೆಯ ಮನೆಯ ರಂಗೋಲಿಯ ಮುಂದೆ ನಿಂತಿತು. ಸಾಬರು ಇಳಿದು ಗಾಂಭೀರ್ಯದಿಂದ ನಡೆದು ಬಂದರು.

"ಎತ್ತಲಾಗೆ ಹೊರಟ್ರಿ ಸಾಬ್ರೇ?"

"ಎತ್ತಲಾಗೂ ಇಲ್ಲ ಸಾರ್. ಚಾ ಕುಡಿಯೋಣ ಅಂತ." ಚಾ ಕುಡಿಯಲು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ!

ಬ್ರೇಕು ಸರಿಯಾಗಿ ಹಿಡಿಯುತ್ತಿಲ್ಲವೇನೋ ಎಂದು ನಾನು ಸಂಕೋಚದಿಂದ ಕೇಳಿದೆ. ಅವರು ನಕ್ಕರು. "ಡಿಸ್ಕು ಪೊಲೀಸ್ನೋರ ಥರ ಸಾರ್, ಕೈ ಅಡ್ಡ ಹಾಕಿ ನಿಲ್ಸ್‌ಬುಡ್ತದೆ. ಡ್ರಮ್ಮು ಮನೆಯೋಳ ಥರ. ಸಾಕು ಬನ್ನಿ, ಸಾಕು ಬನ್ನಿ ಅಂತ ಕರೀತಾನೇ ಇರ್ತದೆ. ನಾವು ಬರೋ ಹೊತ್ಗೆ ಬರ್ತೀವಿ."

ಅವರು ಗಿರಿಜ ಕೊಟ್ಟ ಚಾ ಕುಡಿಯುತ್ತಿರುವಾಗ ನಯಾಜ ನನ್ನನ್ನು ಬದಿಗೆ ಕರೆದ. "ಮನೆ ಬಿಟ್ಟು ಆಚೆಗೆ ಬರಲಿ ಅಂತ ಎಷ್ಟ್ ಕಷ್ಟಪಟ್ಟೆ ಸಾರ್. ಈಗ ಊಟಕ್ಕೆ ಕರೆಯೋಕೆ ಬೀದಿ ಬೀದಿ ಸುತ್ತಬೇಕು. ನಾಳೆ ಊಟಿಗೆ ಅಂತವ್ರೆ." ದೂರಿನಂತೆ ಹೇಳಿದನಾದರೂ ಮುಖ ಹಬ್ಬದಂತಿತ್ತು.

ನಾನು ಮಾರಿದ್ದು ಗಾಡಿ ನಿಲ್ಲಿಸುವ ಸಾಮಾನು ಎಂದುಕೊಂಡಿದ್ದೆ. ನಿಲ್ಲಲು ತನಗೊಪ್ಪುವ ದಾರಿಯೊಂದು ಸಿಕ್ಕಿದ ಮೇಲೆ ಮನುಷ್ಯ ಹೊರಟೇಬಿಡುತ್ತಾನೆಂದು ನನಗೆ ತಿಳಿದಿರಲಿಲ್ಲ. ಹೊರಡುವಾಗ ಸಾಬರು ಒಂದೇ ಒದೆತಕ್ಕೆ ಗಾಡಿ ಚಾಲೂ ಮಾಡಿ ನನಗೆ ಸಲಾಮು ಮಾಡಿದರು. ಬೀದಿಯ ತಿರುವು ಇನ್ನೂ ಅಷ್ಟು ದೂರವಿರುವಾಗಲೇ ಅವರ ಬಲಗೈ ಬೆರಳುಗಳು ಬ್ರೇಕಿನ ಹಿಡಿಯ ಮೇಲೆ ಮೆಲ್ಲಗೆ ಕೂತವು. ಅವಸರವೇನೂ ಇರಲಿಲ್ಲ.